ಗುಡ್ಡದ ಕಡೆಯ ಕಿಟಕಿ

ಖರ ಸಂವತ್ಸರ, ಕಾರ್ತೀಕ ಬಹುಳ ಬಿದಿಗೆ. ಸಿರುಗುಪ್ಪ

ಅಪ್ಪನ ಶ್ರಾದ್ಧ ಮುಗಿಯಿತು. ಬ್ರಾಹ್ಮಣರು ಉಂಡು ತೇಗಿ, ವಡೆ ಸ್ವಲ್ಪ ಗಟ್ಟಿಯಾಗಿತ್ತು ಎಂದು ತಪ್ಪು ತೆಗೆದು ಹೋದರು. ಎಲೆಯಲ್ಲಿ ಒಂದು ಚೂರೂ ಉಳಿದಿರಲಿಲ್ಲ. ಎಲ್ಲ ತಿಂದ ಮೇಲೆ ಗಟ್ಟಿಯೆಂದು ಗೊತ್ತಾಯಿತೇನೋ.

ಅಪ್ಪ ಈ ಊರಲ್ಲಿ ಸಾಲಿ ಮಾಸ್ತರರಾಗಿದ್ದರು. ನನಗೆ ಅಕ್ಷರ ಕಲಿಸಿದ್ದಕ್ಕೆ ಊರೆಲ್ಲ ಅವರನ್ನು ಆಡಿಕೊಂಡಿತ್ತು. ಹೆಂಗಸು ಓದಿದರೆ ಗಂಡನ ಆಯುಷ್ಯ ಕಮ್ಮಿಯಾಗುತ್ತದೆ ಎಂದಿದ್ದರು. ಮದುವೆಯಾಗಿ ಇಷ್ಟು ವರ್ಷವಾಯಿತು, ನಮ್ಮವರಿಗೆ ಒಂದು ನೆಗಡಿ ಕೂಡ ಬಂದಿಲ್ಲ. ಅವರು ಬಳ್ಳಾರಿಯಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತರು. ತಪ್ಪು ಬರೆದು ಬಿಸಾಡಿದ ಅವರ ಕಾಗದಗಳ ಬೆನ್ನ ಮೇಲೆ ಇದನ್ನು ಬರೆಯುತ್ತೇನೆ. ಕಾಗದಕ್ಕೆ ನನಗೆ ಯಾವತ್ತೂ ಕೊರತೆ ಬಿದ್ದಿಲ್ಲ.

ತಮ್ಮ ವಿಠ್ಠಲ ಕೈ ತೊಳೆಯುತ್ತ ಕೇಳಿದ, "ಸರಸೂನ್ನ ಕರಕೊಂಡು ಬರಬೇಕಿತ್ತಲ್ಲಕ್ಕ. ಅಪ್ಪಗ ಆಕಿ ಅಂದ್ರ ಜೀವ ಇತ್ತು."

"ಆಕಿ ಅತ್ತಿ ಮನ್ಯಾಗ ಬಿಡುವಿಲ್ಲಂತ" ಎಂದೆ. ಬಾಯಿಗೆ ಬಂದದ್ದು ಹೇಳಿದೆ. ನನ್ನ ಒಬ್ಬಳೇ ಮಗಳು ಸರಸ್ವತಿ ಕುಡತಿನಿಯಲ್ಲಿದ್ದಾಳೆ. ಹೋದ ವರ್ಷ ಶ್ರಾವಣದಿಂದ ನಾನು ಅವಳ ಮುಖ ನೋಡಿಲ್ಲ.

ಕಾರ್ತೀಕ ಬಹುಳ ಪಂಚಮಿ. ಕುರುಗೋಡು

ವಿಠ್ಠಲ ಬಂಡಿ ಹೊಡಿಸಿಕೊಂಡು ನನ್ನನ್ನು ಬಳ್ಳಾರಿಗೆ ಬಿಡಲು ಹೊರಟಿದ್ದಾನೆ. ಬಂಡಿಯಲ್ಲಿ ಗಂಡಸರು ಮುಂದೆ ನೊಗದ ಹತ್ತಿರ, ಹೆಂಗಸರು ಹಿಂದೆ. ಸಿರುಗುಪ್ಪದಿಂದ ಸಿರಿಗೇರಿಯವರೆಗೆ, ಅಲ್ಲಿಂದ ಇಲ್ಲಿಯವರೆಗೆ ದಾಟಿ ಬಂದ ದಾರಿಯನ್ನೇ ನೋಡಿದೆ. ಮುಂದೆ ಏನು ಬರುತ್ತದೆ ಎಂದು ವಿಠ್ಠಲ ಕೂಗಿ ಹೇಳಬೇಕು. ಅವನು ಹೇಳುವ ಹೊತ್ತಿಗೆ ಅದು ಹಿಂದೆ ಬಿದ್ದಿರುತ್ತದೆ.

ಕುರುಗೋಡು ನಮ್ಮ ಅತ್ತೆ ಲಕ್ಷ್ಮೀಬಾಯಿಯವರ ತವರು. ಇಲ್ಲಿ ಬಂಡಿ ಬಿಚ್ಚದೆ ಹೋದರೆ ವರ್ಷವಿಡೀ ಮಾತು ಕೇಳಬೇಕು. ಅತ್ತೆಯ ತಮ್ಮನ ಹೆಂಡತಿ ಊಟಕ್ಕೆ ಬಡಿಸುತ್ತ, ತುಪ್ಪ ಹಾಕುವಷ್ಟೇ ಸಲೀಸಾಗಿ ಅಂದಳು:

"ನಿನ್ನ ಮಗಳಿಗೆ ಕುಬುಸ ಮಾಡಿದ್ರಂತಲ್ಲ ಗಿರಿಜಾ. ಹಸರು ಸೀರಿ ಭಾಳ ಚೊಲೊ ಇತ್ತಂತ. ನೀ ಯಾಕ ಹೋಗಲಿಲ್ಲ?"

ನನ್ನ ಮಗಳು ಬಸುರಿ. ಏಳು ತಿಂಗಳು. ಹಸಿರು ಬಳೆ ತೊಡಿಸಿ, ಕುಬುಸ ಕೊಟ್ಟು, ಊರಿಗೆಲ್ಲ ಊಟ ಹಾಕಿದ್ದಾರೆ. ಕುರುಗೋಡಿನವರಿಗೆ ಸೀರೆಯ ಬಣ್ಣವೂ ಗೊತ್ತು. ಹೆತ್ತವಳಿಗೆ ಸುದ್ದಿಯೇ ಇಲ್ಲ.

"ನಮ್ಮನ್ಯಾಗ ಮೈಲಿಗಿ ಇತ್ತು" ಎಂದೆ. ಅವಳು ಇನ್ನೊಂದು ಸಲ ತುಪ್ಪ ಹಾಕಿದಳು.

ಕಾರ್ತೀಕ ಬಹುಳ ಅಷ್ಟಮಿ. ಬಳ್ಳಾರಿ

ನಮ್ಮವರಿಗೆ ಹೇಳಿದೆ. ಅವರು ಅಂಗವಸ್ತ್ರ ಮಡಚಿ ಗೂಟಕ್ಕೆ ಹಾಕಿದರು.

"ನಮ್ಮನ್ನ ಕರದಾರೇನು?" ಎಂದು ಕೇಳಿದರು.

"ಕರೀಲಿಲ್ಲ. ಆದ್ರ ಚೊಚ್ಚಲ ಬಾಣಂತನ ತವರಾಗ ಆಗಬೇಕಲ್ಲರಿ. ನೀವು ಹೋಗಿ ಕರಕೊಂಡು ಬರ್ರಿ."

"ನಾ ಅವರ ಬಾಗಿಲಾಗ ಹೋಗಿ ನಿಂದ್ರಬೇಕೇನು?"

"ನಾ ಹೋಗಿ ನಿಂದರ್ತೀನಿ ಹಂಗಾರ."

"ನನ್ನ ಹೆಂಡತಿ ನಿಂತರ ನಾ ನಿಂತಂಗ" ಎಂದರು. ಅಲ್ಲಿಗೆ ಮಾತು ಮುಗಿಯಿತು.

ಜಗಳ ಯಾತಕ್ಕೆಂದು ಯಾರಾದರೂ ಕೇಳಿದರೆ ಹೇಳಲು ನನಗೇ ನಾಚಿಕೆ. ಬೀಗರ ಮಠ ಬೇರೆ, ನಮ್ಮ ಮಠ ಬೇರೆ. ಎರಡು ಮಠಕ್ಕೆ ಎರಡು ಪಂಚಾಂಗ. ವರ್ಷದಲ್ಲಿ ಒಂದೆರಡು ಏಕಾದಶಿ ಒಂದು ದಿನ ಹಿಂದೆಮುಂದೆ ಆಗುತ್ತದೆ. ಹೋದ ವರ್ಷ ಶ್ರಾವಣದಲ್ಲಿ ಬೀಗರು ಸರಸೂನ ಕರೆದೊಯ್ಯಲು ಬಂದ ದಿನ ನಮಗೆ ದಶಮಿ, ಅವರಿಗೆ ಏಕಾದಶಿ. ನಾನು ಎಲೆ ಹಾಕಿ ಅನ್ನ ಬಡಿಸಿದೆ. ಬೀಗರು ಎಲೆ ನೋಡಿ ಹಾವು ಕಂಡವರಂತೆ ಎದ್ದರು. "ಏಕಾದಶಿ ದಿನ ಅನ್ನ ಉಣಿಸಿ ನನ್ನ ನರಕಕ್ಕ ಕಳಸ್ತೀರೇನು?" ಎಂದರು. ಕೈಮುಗಿದು, ತಪ್ಪಾಯಿತು, ಹಣ್ಣು ತಿನ್ನಿರಿ ಅಂದಿದ್ದರೆ ಆಗುತ್ತಿತ್ತು. ನಮ್ಮವರು, "ನಿಮ್ಮ ಪಂಚಾಂಗ ಒಯ್ದು ಹೊಳಿಗೆ ಹಾಕ್ರಿ" ಎಂದರು. ಬೀಗರು ಆ ಮಧ್ಯಾಹ್ನವೇ ಸರಸೂನ ಎಬ್ಬಿಸಿಕೊಂಡು ಹೋದರು. ಅವಳ ತಲೆ ಅರ್ಧ ಹೆಣೆದಿದ್ದೆ.

ಒಂದು ತಿಥಿಯ ಸಲುವಾಗಿ ಎರಡು ಮನೆಯ ಗಂಡಸರು ಮೀಸೆ ತಿರುವುತ್ತಿದ್ದಾರೆ. ನಾರಾಯಣನಿಗೆ ಮಾತ್ರ ಇಬ್ಬರ ಉಪವಾಸವೂ ಸಲ್ಲುತ್ತದೆ.

ಕಾರ್ತೀಕ ಅಮಾವಾಸ್ಯೆ

ಹಂಪಕ್ಕ ಸಗಣಿ ಕುಳ್ಳು ಮಾರಲು ಹಿತ್ತಲ ಬಾಗಿಲಿಗೆ ಬಂದಿದ್ದಳು. ಕೌಲ್ ಬಜಾರಿನ ಆಚೆ ಕೇರಿಯವಳು. ಅವಳು ಗೋಡೆಯ ಹೊರಗೆ ನಿಲ್ಲುತ್ತಾಳೆ, ನಾನು ಒಳಗಿನಿಂದ ಜೋಳವನ್ನು ಅವಳ ಸೆರಗಿಗೆ ಮೇಲಿಂದ ಸುರಿಯುತ್ತೇನೆ. ಮಿಕ್ಕ ದಿನಗಳಲ್ಲಿ ಅವಳಿಗೆ ರೈಲಿನ ಹಳಿಗೆ ಜಲ್ಲಿ ಹೊರುವ ಕೂಲಿ. ಈಗ ಎಲ್ಲಿ ಕೆಲಸ ಎಂದು ಸುಮ್ಮನೆ ಕೇಳಿದೆ.

"ಕುಡತಿನ್ಯಾಗ್ರೆವ್ವ. ಟೇಸನ್ ದಾಟಿ ಒಂದು ಬ್ರಾಂಬ್ರ ಮನಿ ಐತಿ, ಹಳಿ ಬಾಜೂಕ. ಹಿತ್ಲಾಗ ಒಬ್ಬಾಕಿ ಸಣ್ಣಾಕಿ ಬಸುರಿ ಭಾಂಡಿ ತಿಕ್ಕಂತ ಕುಂತಿರ್ತಾಳ. ನಮಗೆಲ್ಲ ಕುಡ್ಯಾಕ ನೀರು ಹಾಕ್ತಾಳ. ತವರು ಬಳ್ಳಾರಿ ಅಂದ್ಲು."

ನನ್ನ ಕೈಯ ಸೇರು ಕೆಳಗೆ ಬಿತ್ತು. ಜೋಳ ಚೆಲ್ಲಿತು. ಹೇಗಿದ್ದಾಳೆ ಎಂದು ಕೇಳಿದೆ.

"ಮಾರಿ ಬೆಳ್ಳಗ ಐತ್ರಿ. ಚೊಲೊ ಬಿಳುಪಲ್ಲ ಅದು. ಕಾಲು ಬಾತಾವ."

ಹುಣಸೆ ಚಿಗಳಿ ಕಟ್ಟಿಕೊಡಲೇ ಎಂದು ಡಬ್ಬಿ ತೆಗೆದೆ. ಸಣ್ಣವಳಿದ್ದಾಗ ಸರಸೂ ಅದಕ್ಕಾಗಿ ಜೀವ ಬಿಡುತ್ತಿದ್ದಳು. ಆದರೆ ಹಂಪಕ್ಕ ಮುಟ್ಟಿದ್ದನ್ನು ಅವಳು ತಿನ್ನುವ ಹಾಗಿಲ್ಲ. ತಿಂದದ್ದು ಗೊತ್ತಾದರೆ ಆ ಮನೆಯವರು ಅವಳನ್ನು ಉಳಿಸುವುದಿಲ್ಲ. ಡಬ್ಬಿ ಮತ್ತೆ ಮುಚ್ಚಿಟ್ಟೆ. ಮಾತಿಗೆ ಮೈಲಿಗೆಯಿಲ್ಲ, ಅದನ್ನೇ ಕಳಿಸಿದೆ. "ನಿಮ್ಮವ್ವಗ ಗೊತ್ತಾಗೇದ ಅಂತ ಹೇಳು. ಬರ್ತಾಳಂತ ಹೇಳು."

ಹೇಗೆ ಬರುತ್ತೇನೆಂದು ಹಂಪಕ್ಕ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ?

ಮಾರ್ಗಶಿರ ಶುದ್ಧ ತದಿಗೆ

ದೇವರು ಒಮ್ಮೊಮ್ಮೆ ಅತ್ತೆಯ ಬಾಯಿಂದಲೂ ಒಳ್ಳೆಯದನ್ನು ಆಡಿಸುತ್ತಾನೆ. ಸಾಯುವುದರೊಳಗೆ ಆನೆಗೊಂದಿಯ ವೃಂದಾವನಗಳ ದರ್ಶನ ಆಗಬೇಕೆಂದು ಹಟ ಹಿಡಿದಿದ್ದಾರೆ. ರೈಲಿನಲ್ಲಿ ಹೊಸಪೇಟೆಗೆ ಹೋಗುವುದು, ಅಲ್ಲಿಂದ ಎತ್ತಿನ ಬಂಡಿ. ನಮ್ಮವರು ಅಷ್ಟಮಿಗೆ ಹೊರಡೋಣ ಎಂದರು.

ನಡುವೆ ಕುಡತಿನಿ ಬರುತ್ತದೆ. ಅದು ಅತ್ತೆಗೂ ಗೊತ್ತು, ನಮ್ಮವರಿಗೂ ಗೊತ್ತು. ಯಾರೂ ಆ ಊರಿನ ಹೆಸರೆತ್ತಲಿಲ್ಲ. ರೈಲು ಬಂಡಿ ಅಲ್ಲಿ ನಿಂತರೂ ನನ್ನನ್ನು ಇಳಿಯಗೊಡುವುದಿಲ್ಲ. ಆದರೆ ಕಿಟಕಿಯಿಂದ ನೋಡಬೇಡ ಎಂದು ಯಾರೂ ಹೇಳಿಲ್ಲ. ಹೇಳಲು ಅವರಿಗೆ ಹೊಳೆದಿಲ್ಲ.

ಆ ಮನೆಯನ್ನು ನಾನು ಕಂಡೇ ಇಲ್ಲ. ಮಗಳಿಗೆ ಕುಬುಸವಾಗುವವರೆಗೆ ತಾಯಿ ಆ ಹೊಸ್ತಿಲು ತುಳಿಯಬಾರದೆಂಬುದು ನಮ್ಮ ಪದ್ಧತಿ. ಸರಸೂನ ಮನೆ ತುಂಬಿಸಲು ವಿಠ್ಠಲ ಹೋಗಿದ್ದ. ಹಂಪಕ್ಕನ ಕೈಲಿ ಹೇಳಿ ಕಳಿಸಿದೆ: ಅಷ್ಟಮಿ ದಿನ ಬೆಳಗಿನ ಬಂಡಿಗೆ ಬರುತ್ತೇನೆ, ಹಿತ್ತಲಲ್ಲಿ ನಿಂತಿರು, ನಾನು ನಿನ್ನ ಮದುವೆಯ ಕೆಂಪು ಇಳಕಲ್ಲು ಉಟ್ಟಿರುತ್ತೇನೆ, ಯಾವ ಕಡೆ ಕೂಡಬೇಕು ತಿಳಿಸು.

ಮಾರ್ಗಶಿರ ಶುದ್ಧ ಷಷ್ಠಿ

ಹಂಪಕ್ಕ ಉತ್ತರ ತಂದಳು. "ಬಲಗಡಿ ಕಿಡಕಿಗೆ ಕುಂದ್ರಾಕ ಹೇಳು ಅಂದ್ಲು. ಟೇಸನ್ ಬಿಟ್ಟು ಬೇವಿನಗಿಡ ದಾಟಿದ ಕೂಡ್ಲೆ. ಎರಡ ಸಲ ಹೇಳಿದ್ಲ್ರೆವ್ವ, ಬಲಗಡಿ, ಬಲಗಡಿ ಅಂತ. ನಗತಿದ್ಲು."

ನಗುತ್ತಿದ್ದಳಂತೆ! ದಿನವೆಲ್ಲ ಅದೇ ಮಾತು ಕಿವಿಯಲ್ಲಿತ್ತು. ಸಾರಿಗೆ ಉಪ್ಪು ಎರಡು ಸಲ ಹಾಕಿದೆ.

ಸಂಜೆ ಪಕ್ಕದ ಮನೆಯ ವೆಂಕಟೇಶ ಬಂದ. ಮೂರು ಸಲ ಹೊಸಪೇಟೆಗೆ ಹೋಗಿ ಬಂದವನಾದ್ದರಿಂದ ರೈಲಿನ ವಿಷಯದಲ್ಲಿ ಅವನು ಪಂಡಿತ. ಹೊಸಪೇಟೆ ಸ್ಟೇಶನ್ನಿನಲ್ಲಿ ಹುಲಿ ಟಿಕೀಟಿನ ಸಾಲಿನಲ್ಲಿ ನಿಂತದ್ದನ್ನು ಕಂಡಿದ್ದಾನಂತೆ. ಅವನ ಮಾತನ್ನು ಅರ್ಧಕ್ಕರ್ಧ ಕಳೆದು, ಉಳಿದದ್ದನ್ನೂ ಬಿಡುವುದು ನಮ್ಮ ಓಣಿಯ ರೂಢಿ.

"ರಾಘಣ್ಣ, ಹೋಗುವಾಗ ಎಡಗಡಿ ಕಿಡಕಿ ಹಿಡೀರಿ" ಎಂದು ನಮ್ಮವರಿಗೆ ಪಾಠ ಹೇಳಿದ. "ಬಳ್ಳಾರಿ ಬಿಟ್ಟ ಕೂಡ್ಲೆ ತಾಮ್ರದ ಗುಡ್ಡ. ಮುಂದ ಸೊಂಡೂರು ಗುಡ್ಡದ ಸಾಲು, ಒಂದರ ಹಿಂದೊಂದು, ನೀಲಿ, ಕೆಂಪು, ಸ್ವರ್ಗ ಅಂದ್ರ ಸ್ವರ್ಗ. ಎಲ್ಲಾರೂ ಆ ಕಡೀಗೇ ಬೀಳ್ತಾರ."

"ಬಲಗಡಿ?" ಎಂದು ಬಾಗಿಲ ಮರೆಯಿಂದ ಕೇಳಿಬಿಟ್ಟೆ.

"ಬಲಗಡಿ ಏನದ ವೈನಿ? ಎರಿ ಹೊಲ, ಜಾಲಿ ಗಿಡ. ಆ ಕಡಿ ಕುಂತಾಂವ ಟಿಕೀಟಿನ ರೊಕ್ಕ ನೀರಿಗೆ ಹಾಕಿದಂಗ."

ನಮ್ಮವರು ನಕ್ಕ. ನಕ್ಕರು. "ಹೆಂಗಸರಿಗೆ ಗುಡ್ಡ ಆದ್ರೇನು, ಜಾಲಿ ಆದ್ರೇನು" ಎಂದರು.

ಮಾರ್ಗಶಿರ ಶುದ್ಧ ಅಷ್ಟಮಿ. ಹೊಸಪೇಟೆ

ನೋಡಲಾಗಲಿಲ್ಲ. ಅಷ್ಟೇ ಬರೆದು ಮಲಗಬಹುದು. ಆದರೂ ಬರೆಯುತ್ತೇನೆ.

ನಮ್ಮವರು ಗಂಡಸರ ಡಬ್ಬಿಗೆ ಹೋದರು. ನಾನೂ ಅತ್ತೆಯೂ ಹೆಂಗಸರ ಡಬ್ಬಿಗೆ. ಒಳಗೆ ಸಂತೆಯಂಥ ಗದ್ದಲ. ಅಡ್ಡಡ್ಡ ಹಲಗೆಗಳು, ಎರಡು ತುದಿಗೂ ಕಿಟಕಿ. ಅತ್ತೆ ಹತ್ತಿದವರೇ ಜಪಮಣಿ ತೆಗೆದರು. "ಗಿರಿಜಾ, ಮೂಡಣಕ್ಕ ಮುಖ ಬರೂವಂಥ ಹಲಗಿ ನೋಡು. ಪಡುವಣಕ್ಕ ಮುಖಾ ಮಾಡಿ ಮುಂಜಾನೆ ಜಪ ಮಾಡಬಾರದು. ನೀನೂ ಮುತ್ತೈದಿ, ಸೂರ್ಯನ್ನ ಬೆನ್ನಿಗೆ ಹಾಕಿ ಕೂಡಬ್ಯಾಡ" ಎಂದರು. ಬಂಡಿ ಹೋಗುವುದು ಪಡುವಣಕ್ಕೆ, ಅತ್ತೆ ಕೂಡುವುದು ಮೂಡಣಕ್ಕೆ. ಎಂಜಿನ್ನಿಗೆ ಬೆನ್ನು ಹಾಕಿ ಇಬ್ಬರೂ ಕೂತೆವು. ಎತ್ತಿನ ಬಂಡಿಯಲ್ಲೂ ಹೀಗೇ ಕೂತು ಅಭ್ಯಾಸ, ನನಗೇನೂ ಅನ್ನಿಸಲಿಲ್ಲ.

ಉಣ್ಣುವ ಕೈಯ ಕಡೆಯ ಕಿಟಕಿಯಲ್ಲಿ ಗುಂತಕಲ್ಲಿನಿಂದ ಬಂದ ಒಬ್ಬ ದಪ್ಪ ಹೆಂಗಸು ಕೂತಿದ್ದಳು. ಅವಳನ್ನು ಏಳಿಸಲು ಏನೆಲ್ಲ ಮಾಡಿದೆ! ವಾಂತಿ ಬರುತ್ತದೆ ಎಂದೆ. ಬಸುರಿ ಎಂದೆ. ಈ ವಯಸ್ಸಿನಲ್ಲಿ! ಅತ್ತೆ ಜಪ ನಿಲ್ಲಿಸಿ ನನ್ನನ್ನು ನೋಡಿದರು. ಆ ಹೆಂಗಸು ಗೊಣಗುತ್ತ ಸರಿದಳು. ನಾಚಿಕೆಯಾಗಲಿಲ್ಲ. ಗೆದ್ದೆನೆಂದು ಹಿಗ್ಗಿದೆ.

ಬಂಡಿ ಬಿಟ್ಟಿತು. ಸ್ವಲ್ಪ ಹೊತ್ತಿಗೆ ನನ್ನ ಕಿಟಕಿಯಲ್ಲೇ ಗುಡ್ಡ ಬಂತು. ಎಡಗಡೆ ಬರುತ್ತದೆ ಎಂದು ವೆಂಕಟೇಶ ಬಡಬಡಿಸಿದ ಗುಡ್ಡ ನನ್ನ ಬಲಗಡೆಗೇ ಬಂದು ನಿಂತಿತು. ಹುಲಿಗೆ ಟಿಕೀಟು ಕೊಡಿಸಿದವನ ಮಾತು ಇನ್ನೇನಾಗುತ್ತದೆ ಎಂದು ಮನಸ್ಸಿನಲ್ಲೇ ನಕ್ಕೆ. ಹೆಂಗಸರೆಲ್ಲ ನನ್ನ ಕಡೆಗೆ ಬಗ್ಗಿ ನೋಡುತ್ತಿದ್ದರು. ನೋಡುವಂಥದ್ದೇ. ಬಿಸಿಲು ಬಿದ್ದ ಕಡೆ ಕೆಂಪು, ನೆರಳಿನಲ್ಲಿ ನೀಲಿ, ಕೆಳಗೆ ಹಣ್ಣಾದ ಜೋಳ. ಇಷ್ಟು ವರ್ಷ ಬಳ್ಳಾರಿಯಲ್ಲಿದ್ದು ಇದನ್ನು ನೋಡಿರಲಿಲ್ಲವಲ್ಲ ಎನ್ನಿಸಿತು. ಕುಡತಿನಿಯಲ್ಲಿ ಬಂಡಿ ನಿಂತಿತು. ಮತ್ತೆ ಬಿಟ್ಟಿತು. ಬೇವಿನ ಗಿಡ ಹುಡುಕಿದೆ. ಬೇವು ಇರಲಿಲ್ಲ. ಮನೆ ಇರಲಿಲ್ಲ. ಹೊಲ, ಹೊಲದಾಚೆ ಗುಡ್ಡ. ಕಣ್ಣು ಮಿಟುಕಿಸದೆ ನೋಡಿದೆ. ಕಣ್ಣಿಗೆ ಇದ್ದಿಲ ಪುಡಿ ಬಿತ್ತು, ಆದರೂ ಮುಚ್ಚಲಿಲ್ಲ. ದರೋಜಿ ಬಂದಾಗ ಇನ್ನಿಲ್ಲ ಎಂದು ಗೊತ್ತಾಯಿತು.

ಡಬ್ಬಿಯ ಗದ್ದಲದಲ್ಲಿ ಯಾರೋ "ಅವ್ವಾ" ಎಂದು ಕೂಗಿದ ಹಾಗಾಗಿತ್ತು. ಡಬ್ಬಿಯ ತುಂಬ ಮಕ್ಕಳಿದ್ದವು.

ಹಂಪಕ್ಕ ಏನೋ ತಪ್ಪು ತಿಳಿದಿರಬೇಕು. ಅಥವಾ ಅತ್ತೆ ಮನೆಯವರು ಸರಸೂನ ಒಳಗೆ ಕೂಡಿಹಾಕಿರಬೇಕು. ಆ ಜನ ಅದಕ್ಕೂ ಹೇಸುವವರಲ್ಲ.

ಮಾರ್ಗಶಿರ ಶುದ್ಧ ತ್ರಯೋದಶಿ. ಬಳ್ಳಾರಿ

ನಿನ್ನೆ ಮರಳಿ ಬಂದೆವು. ಹೋಗುವಾಗ ಬಲವಾದದ್ದು ಬರುವಾಗ ಎಡವಾಗುತ್ತದೆ ಎಂಬಷ್ಟು ಬುದ್ಧಿ ನನಗಿದೆ. ಎಡಗೈ ಕಡೆಯ ಕಿಟಕಿಗೆ ಕೂತೆ. ಅತ್ತೆ ಮತ್ತೆ ಮೂಡಣಕ್ಕೇ ಮುಖ ಮಾಡಿ ಕೂಡಿಸಿದರು.

ಸೊಂಡೂರಿನ ಗುಡ್ಡ ಮತ್ತೆ ನನ್ನ ಬಲಕ್ಕೇ ಬಂತು. ಬಂಡಿ ತಿರುಗಿತ್ತು, ಗುಡ್ಡ ತಿರುಗಿರಲಿಲ್ಲ. ಯಾಕೆಂದು ಯೋಚಿಸುತ್ತಿರುವಾಗಲೇ ಎಡಗಡೆ ಒಂದು ಹೆಂಚಿನ ಮನೆ, ಹಿತ್ತಲು, ದನದ ಬಾನಿ, ಕಲ್ಲಿನ ಮೇಲೆ ಒಣಗಿಸಿದ ಹಸಿರು ಸೀರೆ ಬಂದವು. ಆಮೇಲೆ ಬೇವಿನ ಗಿಡ. ಆಮೇಲೆ ಸ್ಟೇಶನ್.

ಹಿತ್ತಲಲ್ಲಿ ಯಾರೂ ಇರಲಿಲ್ಲ.

ಎರಡು ಸಲವೂ ನಾನು ಮೂಡಣಕ್ಕೇ ಕೂತಿದ್ದೆ. ಸರಸೂ ಹೇಳಿದ್ದು ಬಂಡಿಯ ಬಲ. ನಾನು ಕೂತದ್ದು ನನ್ನ ಬಲ. ವೆಂಕಟೇಶ ಹುಟ್ಟಿದಾಗಿನಿಂದ ಒಂದೇ ಒಂದು ನಿಜ ಹೇಳಿದ್ದ, ಅದನ್ನೂ ನಾನು ನಕ್ಕು ಬಿಟ್ಟೆ. ಬಸುರಿಯೆಂದು ಸುಳ್ಳು ಹೇಳಿ, ಪರರನ್ನು ಎಬ್ಬಿಸಿ, ನನ್ನ ಬಸುರಿ ಮಗಳಿಗೆ ಬೆನ್ನು ಹಾಕಿ ಕೂತೆ.

ನಮ್ಮವರು ಮನೆಗೆ ಬಂದವರೇ ಯಾತ್ರೆ ಚೆನ್ನಾಗಿ ಆಯಿತೆಂದು ಓಣಿಗೆಲ್ಲ ಹೇಳಿದರು. ರಾತ್ರಿ ಗೊರಕೆ ಹೊಡೆದು ಮಲಗಿದ.

ಮಾರ್ಗಶಿರ ಹುಣ್ಣಿಮೆ

ಹಂಪಕ್ಕ ಬಂದಳು. ನಾನು ಕೇಳುವ ಮೊದಲೇ ಅವಳು ಕೇಳಿದಳು. "ಯಾಕ್ರೆವ್ವ ಹಂಗ ಮಾಡಿದ್ರಿ?"

ಸರಸೂ ಮುಂಜಾನೆ ತಲೆಗೆ ಎರೆದುಕೊಂಡು, ಕುಬುಸದ ಹಸಿರು ಸೀರೆ ಉಟ್ಟು, ಬಾನಿಯ ಹತ್ತಿರ ನಿಂತಿದ್ದಳಂತೆ. ಅವಳ ಅತ್ತೆ ಬೈದರೂ ಒಳಗೆ ಹೋಗಲಿಲ್ಲವಂತೆ. ಬಂಡಿ ಆಗಷ್ಟೇ ಸ್ಟೇಶನ್ ಬಿಟ್ಟಿತ್ತು, ಮೆಲ್ಲಗೆ ಬಂತು.

"ನಿಮ್ಮವ್ವನ ನೋಡಿದೇನು ಅಂದೆ. ನೋಡಿದೆ ಅಂದ್ಲು. ಕೆಂಪು ಸೀರಿ ಉಟ್ಟಿದ್ಲು, ಆ ಕಡಿ ಕಿಡಕ್ಯಾಗ ಕುಂತು ಗುಡ್ಡ ನೋಡಕತ್ತಿದ್ಲು, ಅವ್ವಾ ಅಂತ ಕೂಗಿದೆ, ಹೊಳ್ಳಿ ನೋಡ್ಲಿಲ್ಲ ಅಂದ್ಲು."

"ಅಳತಿದ್ಲೇನು?"

"ಇಲ್ರಿ. ಅಪ್ಪ ನೋಡಬ್ಯಾಡ ಅಂದಿರಬೇಕು, ಅವ್ವ ಅಪ್ಪನ ಮಾತು ಮೀರಂಗಿಲ್ಲ ಅಂದ್ಲು. ಒಳಗ ಹೋದ್ಲು. ಆಮ್ಯಾಲೆ ಹೊರಗ ಕಂಡಿಲ್ಲ."

ನಾನು ಗೋಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಬಲ ಎಡ ಎಲ್ಲ ಬಿಡಿಸಿ ಹೇಳಿದೆ. ಹೋಗಿ ಹೇಳು, ಈಗಲೇ ಹೋಗಿ ಹೇಳು ಎಂದೆ. ಹಂಪಕ್ಕನ ಕೂಲಿ ಗ್ಯಾಂಗನ್ನು ತೋರಣಗಲ್ಲಿಗೆ ಹಾಕಿದ್ದಾರಂತೆ. ಮೇಸ್ತ್ರಿ ನಡುವೆ ಇಳಿಯಗೊಡುವುದಿಲ್ಲವಂತೆ. "ಸಿಕ್ರ ಹೇಳ್ತೀನ್ರೆವ್ವ" ಎಂದಳು. ಸಿಗುವುದಿಲ್ಲ ಎಂದು ಅವಳಿಗೂ ಗೊತ್ತು.

ಅವಳು ನನ್ನ ಮಗಳು. ನಾನು ಗಂಡನ ಮಾತು ಮೀರುವವಳಲ್ಲ ಎಂದು ಅವಳಿಗೆ ಗೊತ್ತಿರುವುದರಲ್ಲಿ ತಪ್ಪೇನಿದೆ? ನಾನೇ ಕಲಿಸಿದ್ದು.

ಮಾರ್ಗಶಿರ ಬಹುಳ ತದಿಗೆ

ಬರೆಯಲು ಏನಿಲ್ಲ. ಉಂಡ. ಇನ್ನೊಂದು ಹೋಳಿಗೆ ಹಾಕು ಅಂದ. ಹಾಕಿದೆ.

ಮಾರ್ಗಶಿರ ಬಹುಳ ಪಂಚಮಿ

ಕುಡತಿನಿಗೆ ಹೋಗುತ್ತೇನೆಂದು ಮತ್ತೆ ಕೇಳಿದೆ. ಗುಡ್ಡ ನೋಡಿ ಬಂದ ಮೇಲೆ ತಲೆ ತಿರುಗಿದೆಯೇ ಎಂದು ಕೇಳಿದ. ಈಚೆಗೆ ಅವನಿಗೆ ನನ್ನ ಮುಖ ನೋಡಲು ಆಗುತ್ತಿಲ್ಲ, ಗೋಡೆ ನೋಡಿಕೊಂಡು ಮಾತಾಡುತ್ತಾನೆ. ಯಾಕೋ ಗೊತ್ತಿಲ್ಲ.

ಮಾರ್ಗಶಿರ ಬಹುಳ ನವಮಿ. ಕುಡತಿನಿ

ಮೊನ್ನೆ ಸಪ್ತಮಿಯ ಬೆಳಿಗ್ಗೆ ವೆಂಕಟೇಶನ ಹೆಂಡತಿ ಇಲ್ಲದ ಹೊತ್ತಿಗೆ ಅವನೇ ಮಜ್ಜಿಗೆ ಕೇಳಲು ಬಂದ. ಬಾಗಿಲಲ್ಲಿ ನಿಂತು ಹಲುಬಿದ. "ಏನು ಕಾಲ ಬಂತು ವೈನಿ. ಎಂಟರಾಗ ಹಡದ್ರ ಕೂಸು ಎಲ್ಲಿ ಉಳೀತದ. ಸರಸೂ ಒಬ್ಬಾಕಿ ಉಳಿದ್ಲಲ್ಲ, ಅಷ್ಟ ಪುಣ್ಯ."

ನಾನು ಪಾತ್ರೆ ಹಿಡಿದು ನಿಂತೇ ಇದ್ದೆ. ಅವನ ಮುಖ ಬಿಳಿಚಿತು.

"ರಾಘಣ್ಣಗ ನಾ ಹೇಳಿ ನಾಕು ದಿನ ಆತಲ್ಲರಿ. ಕುಡತಿನಿ ಟೇಶನ್ ಬಾಬು ಹೇಳಿದ್ದು. ನಿಮಗ ಹೇಳಿಲ್ಲೇನು?"

ರಾಘಣ್ಣ ಪೂಜೆಗೆ ಕೂತಿದ್ದ. ಹೋಗಿ ಮುಂದೆ ನಿಂತೆ. ಗಂಟೆ ಬಾರಿಸುವುದು ನಿಲ್ಲಿಸಲಿಲ್ಲ. ಬಾರಿಸಿ ಮುಗಿಸಿದ ಮೇಲೆ ಅಂದ: "ಅವರ ಮನಿಯಿಂದ ಹೇಳಿ ಕಳಿಸಿಲ್ಲ. ಬೀದಿ ಮಾತು ಕೇಳಿ ಹೋಗೋದೇನು? ಹೇಳಿ ಕಳಸ್ಲಿ, ಆಮ್ಯಾಲೆ ನೋಡೋಣಂತ."

ನಾನು ಒಳಗೆ ಹೋಗಿ ಒಂದು ಸೀರೆ, ಮೆಂತೆ, ಒಣಶುಂಠಿ ಗಂಟು ಕಟ್ಟಿದೆ. ಹೊಸ್ತಿಲಲ್ಲಿ ಅತ್ತೆ ಅಡ್ಡ ನಿಂತರು. ನನ್ನ ಮುಖ ನೋಡಿ ಸರಿದರು. ಅವನು ಹಿಂದಿನಿಂದ ಕೂಗಿದ, "ಈ ಹೊಸ್ತಿಲಾ ದಾಟಿದ್ರ ಹೊಳ್ಳಿ ಬರಬ್ಯಾಡ."

"ಅನ್ನಕ್ಕ ಇಟ್ಟೀನಿ. ಕುದ್ದ ಮ್ಯಾಲೆ ಇಳಿಸ್ಕೊಳ್ರಿ" ಎಂದೆ.

ಸ್ಟೇಶನ್ನಿನಲ್ಲಿ ಹಂಪಕ್ಕ ತೋರಣಗಲ್ಲಿನ ಕೂಲಿಗೆ ಹೊರಟಿದ್ದಳು. ಅವಳೂ ನನ್ನ ಜೊತೆ ಕುಡತಿನಿಯಲ್ಲಿ ಇಳಿದುಬಿಟ್ಟಳು. ಮೇಸ್ತ್ರಿ ಬೈದುಕೊಳ್ಳಲಿ ಎಂದಳು. ಹಳಿಯ ಗುಂಟ ನಡೆದೆವು. ಜಲ್ಲಿಯ ದಿಬ್ಬ ಇಳಿಯುವಾಗ ಕಾಲು ಜಾರಿತು, ಅವಳ ಕೈ ಹಿಡಿದುಕೊಂಡು ಇಳಿದೆ. ಗಟ್ಟಿ ಕೈ.

ಬೀಗಿತ್ತಿ ಮುಂಬಾಗಿಲು ತೆಗೆಯಲಿಲ್ಲ, ಹಿತ್ತಲಿಗೆ ಬಂದಳು. ಜಗಳ ಆಡುತ್ತಾಳೆಂದು ಸೊಂಟ ಕಟ್ಟಿದ್ದೆ. ಅವಳು, "ಪುರುಡು ಅದ. ನಮ್ಮನ್ಯಾಗ ಮುಟ್ಟೋರು ಯಾರೂ ಇಲ್ಲ. ನೀವು ಬಂದದ್ದು ಚೊಲೊ ಆತು" ಎಂದಳು. ಕೂಲಿಯವಳು ತಡವಾಗಿಯಾದರೂ ಬಂದಳಲ್ಲ ಎನ್ನುವ ಹಾಗೆ.

ದನದ ಕೊಟ್ಟಿಗೆಯ ಪಕ್ಕದ ಕೋಣೆ. ನನ್ನ ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎದೆಯಲ್ಲಿ ಹಾಲು ಬಂದು ಕುಬುಸ ಒದ್ದೆಯಾಗಿತ್ತು. ಕುಡಿಯುವವರಿಲ್ಲ. ಗಂಡು ಕೂಸಂತೆ. ಯಾರೂ ಎತ್ತಿಕೊಳ್ಳುವ ಮೊದಲೇ ಒಯ್ದು ಹೂತು ಬಂದರಂತೆ.

"ಸರಸೂ, ಅವ್ವ ಬಂದೀನಿ" ಎಂದೆ. ತಿರುಗಲಿಲ್ಲ.

ಮಾರ್ಗಶಿರ ಬಹುಳ ದ್ವಾದಶಿ. ಕುಡತಿನಿ

ಈ ಸಲವೂ ಎರಡು ಪಂಚಾಂಗ ಕೂಡಿ ಬರಲಿಲ್ಲ. ಮೊನ್ನೆ ಇವರ ಏಕಾದಶಿ, ನಿನ್ನೆ ನಮ್ಮದು. ಮೊನ್ನೆ ಇವರು ಒಲೆ ಹಚ್ಚಲಿಲ್ಲ. ನಿನ್ನೆ ಒಂದು ಎಲೆಯಲ್ಲಿ ಅನ್ನ ತಂದು ದೂರದಿಂದ ನೂಕಿದರು. ಅದರ ಮುಂದೆ ಕೂತು ನನಗೆ ನಗು ಬಂತು. ಯಾರ ಏಕಾದಶಿಯಾದರೂ ಆಗಲಿ ಎಂದು ಉಂಡೆ. ಬಾಣಂತಿಯ ಚಾಕರಿಗೆ ಕಸುವು ಬೇಕು.

ರಾಘಣ್ಣ ನಿನ್ನೆ ಸ್ಟೇಶನ್ನಿನವರೆಗೆ ಬಂದಿದ್ದನಂತೆ. ಬೀಗರ ಮನೆಗೆ ಬರಲು ಅಭಿಮಾನ ಬಿಡಲಿಲ್ಲ. ಬಾಬುವಿನ ಕೈಲಿ ಹೇಳಿ ಕಳಿಸಿದ, ಈಗ ಬಂದರೆ ಮನೆಗೆ ಸೇರಿಸಿಕೊಳ್ಳುತ್ತೇನೆ, ಸಂಜೆ ಬಂಡಿಯವರೆಗೆ ಕಾಯುತ್ತೇನೆ ಎಂದು. ನಾನು ಮಗಳಿಗೆ ನೀರು ಕಾಸುತ್ತಿದ್ದೆ. ಉತ್ತರ ಕೊಡಲು ನೆನಪಾಗಲಿಲ್ಲ.

ಸರಸೂ ಮಾತಾಡುವುದಿಲ್ಲ. ತಲೆಗೆ ಎರೆದರೆ ಎರೆಸಿಕೊಳ್ಳುತ್ತಾಳೆ, ಗಂಜಿ ಕುಡಿಸಿದರೆ ಕುಡಿಯುತ್ತಾಳೆ. ಬಲ ಯಾವುದು, ಎಡ ಯಾವುದು, ಅತ್ತೆ ಹೇಗೆ ಕೂಡಿಸಿದರು, ನಾನು ಹೇಗೆ ಮೋಸಹೋದೆ, ಎಲ್ಲ ಹೇಳಿದೆ. ಎರಡು ಸಲ, ಮೂರು ಸಲ ಹೇಳಿದೆ. ಹೇಳಿದ ಹಾಗೆಲ್ಲ ಅದು ನನ್ನ ಕಿವಿಗೇ ಸುಳ್ಳಿನಂತೆ ಕೇಳಿಸಿತು. ಕಣ್ಣಿದ್ದವಳು ಆಚೆ ಕಡೆ ಒಮ್ಮೆ ತಿರುಗಿ ನೋಡಬಾರದಿತ್ತೇ? ಗುಡ್ಡ ಚೆನ್ನಾಗಿತ್ತು, ಅದಕ್ಕೇ ನೋಡುತ್ತ ಕೂತೆ. ಇದು ಖರೆ. ಇದನ್ನು ಅವಳಿಗೆ ಹೇಳಿಲ್ಲ.

ಇವತ್ತು ಬೆಳಿಗ್ಗೆ ಬಾಣಂತಿಯ ಬಟ್ಟೆ ಒಗೆದು ಕಲ್ಲಿನ ಮೇಲೆ ಹರವುತ್ತಿದ್ದೆ. ಬಳ್ಳಾರಿಯ ಬಂಡಿ ಸ್ಟೇಶನ್ ಬಿಟ್ಟ ಸಪ್ಪಳ ಕೇಳಿತು. ಬಾನಿಯ ಹತ್ತಿರ ಹೋಗಿ ನಿಂತೆ. ಬಂಡಿ ಬೇವಿನ ಗಿಡ ದಾಟಿ ಮೆಲ್ಲಗೆ ಬಂತು. ಒಳಗಿನವರ ಸೀರೆಯ ಅಂಚು ಕೂಡ ಕಾಣುವಷ್ಟು ಹತ್ತಿರ. ಮೊದಲ ಡಬ್ಬಿ ಪೂರ್ತಿ ಬೆನ್ನು. ಎರಡನೆಯದೂ ಬೆನ್ನು. ಈ ಕಡೆ ಕೂತವರು ಕೂಡ ಎದ್ದು ಆ ಕಡೆಗೆ ಬಗ್ಗಿದ್ದರು. ಹೆಂಗಸರ ಡಬ್ಬಿಯಲ್ಲಿ ತುರುಬು, ಹೆರಳು, ಹೂವು. ಒಂದು ಮುಖವಿಲ್ಲ. ಎಲ್ಲರೂ ಸೊಂಡೂರಿನ ಗುಡ್ಡ ನೋಡುತ್ತಿದ್ದರು. ಕೊನೆಯ ಡಬ್ಬಿ ಹೋಗಿ ಹೊಗೆ ಹಿತ್ತಲಿಗೆ ಇಳಿಯಿತು. ನನ್ನ ಕೈ ಮೇಲಕ್ಕೆತ್ತಿದ್ದುದು ನನಗೆ ಗೊತ್ತೇ ಇರಲಿಲ್ಲ.

ಹಿತ್ತಲಿಗೆ ತೆರೆದಿದ್ದ ಬಾಗಿಲಿನ ಒಳಗಿನಿಂದ ಸರಸೂ ಮಾತಾಡಿದಳು.

"ಕೈ ಇಳಸು ಅವ್ವಾ. ಈ ಕಡಿ ಯಾರೂ ನೋಡಂಗಿಲ್ಲ."